ವಾಡಿ ಆಫೀಸಿಗೆ ಕಳ್ಳರು ಬರಲಿಲ್ಲ

ಮನೆಗೆ ಕಳ್ಳ ಬಂದು ಹೋದರೆ ದುಃಖವಾಗುತ್ತದೆ, ಒಪ್ಪಿದೆ. ಆದರೆ ಓಣಿಯ ಎಲ್ಲ ಮನೆಗಳಿಗೂ ಬಂದ ಕಳ್ಳ ನಮ್ಮ ಮನೆಯೊಂದನ್ನೇ ಬಿಟ್ಟು ಹೋದರೆ ಆಗುವುದು ದುಃಖವಲ್ಲ, ನಾಚಿಕೆ. ದುಃಖವನ್ನಾದರೆ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರಿಗೆ ಹೇಳಿಕೊಳ್ಳಬಹುದು. ಈ ನಾಚಿಕೆಯನ್ನು ಯಾರಿಗೆ ಹೇಳುವುದು? ನಾನು ಚಿಕ್ಕವನಿದ್ದಾಗ ಮಳಖೇಡದ ನಮ್ಮ ಓಣಿಯಲ್ಲಿ ಒಮ್ಮೆ ಹೀಗೇ ಆಯಿತು. ಬೇಸಿಗೆಯೆಂದು ಎಲ್ಲರೂ ಮಾಳಿಗೆಯ ಮೇಲೆ ಮಲಗಿದ್ದಾಗ ಕಳ್ಳನೊಬ್ಬ ಕೆಳಗೆ ಸಾಲಾಗಿ ಮನೆ ಹೊಕ್ಕು ಹೋಗಿದ್ದ. ಬೆಳಗಾಗಿ ನೋಡಿದರೆ ಒಬ್ಬರ ತಾಮ್ರದ ಹಂಡೆ ಇಲ್ಲ, ಇನ್ನೊಬ್ಬರ ರೇಡಿಯೋ ಇಲ್ಲ. ನಮ್ಮ ಮನೆಯಲ್ಲಿ ಮಾತ್ರ ಎಲ್ಲವೂ ಇದ್ದಲ್ಲೇ ಇತ್ತು. ಕಳ್ಳ ಒಳಗೆ ಬಂದು, ಒಂದು ಸುತ್ತು ನೋಡಿ, ಬಾಗಿಲು ಮುಂದೆ ಮಾಡಿಕೊಂಡು ಹೋಗಿದ್ದ. ಪಕ್ಕದ ಮನೆಯವರು ಬಂದು, "ನಿಮ್ದೇನು ಹೋಯ್ತ್ರಿ ವೈನಿ?" ಎಂದು ಕೇಳಿದಾಗ ನನ್ನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಒಂದು ಬೆಳ್ಳಿ ಪಂಚಪಾತ್ರಿ ಹೋಗ್ಯಾದ್ರಿ" ಅಂದಳು. ನಮ್ಮ ಮನೆಯಲ್ಲಿ ಬೆಳ್ಳಿಯ ಪಂಚಪಾತ್ರೆ ಇದ್ದದ್ದನ್ನು ನಾನಂತೂ ನೋಡಿರಲಿಲ್ಲ. ಅವಳ ಕಣ್ಣೀರು ಮಾತ್ರ ಖರೆಯದಾಗಿತ್ತು.

ಆ ನಾಚಿಕೆ ಎಂಥದು ಎನ್ನುವುದು ನನಗೆ ಸರಿಯಾಗಿ ತಿಳಿದದ್ದು ನನ್ನ ನೌಕರಿಯಲ್ಲಿ. ಇಸವಿ ಎರಡು ಸಾವಿರ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು. ನಾನು ವಾಡಿಯಲ್ಲಿ ಸಿಮೆಂಟು ಸಾಗಿಸುವ ಒಂದು ಲಾರಿ ಕಂಪನಿಯ ಆಫೀಸಿನಲ್ಲಿದ್ದೆ. ಅಲ್ಲಿಯ ಕಂಪ್ಯೂಟರ್‌ಗಳಿಗೆಲ್ಲ ನಾನೇ ಹೊಣೆ. ಹೊಣೆ ಎಂದರೆ ಬಹಳ ದೊಡ್ಡದಾಗಿ ತಿಳಿಯಬೇಡಿ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಜಗ್ಗುವವನು, ಕೀಬೋರ್ಡಿನ ಮೇಲೆ ಚಹಾ ಚೆಲ್ಲಿದರೆ ಅದನ್ನು ಬೋರಲು ಹಾಕಿ ಬಿಸಿಲಿಗೆ ಇಡುವವನು. ಹೀಗಿರುವಾಗ ಹೈದರಾಬಾದಿನ ಹೆಡ್ ಆಫೀಸಿನಿಂದ ಒಂದು ಚಪ್ಪಟೆಯಾದ ಕಪ್ಪು ಡಬ್ಬಿ ಬಂತು. ಫೈರ್‌ವಾಲ್ ಎಂದು ಅದರ ಹೆಸರು. ಇಂಟರ್ನೆಟ್ಟಿನಲ್ಲಿ ಹೋಗಿಬರುವ ಮಾತೆಲ್ಲ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗಿಬರುತ್ತದಂತೆ, ಅವಕ್ಕೆ ಪ್ಯಾಕೆಟ್ ಎನ್ನುತ್ತಾರಂತೆ. ಈ ಡಬ್ಬಿ ಬಾಗಿಲಲ್ಲಿ ಕುಳಿತು ಒಂದೊಂದು ಪ್ಯಾಕೆಟ್ಟನ್ನೂ ನಿಲ್ಲಿಸಿ, ಎಲ್ಲಿಂದ ಬಂದೆ, ಯಾರನ್ನು ಕಾಣಬೇಕು ಎಂದು ವಿಚಾರಿಸುತ್ತದೆ. ಸರಿಕಂಡರೆ ಬಿಡುತ್ತದೆ, ಇಲ್ಲದಿದ್ದರೆ ಅಲ್ಲಿಯೇ ಕೆಡವುತ್ತದೆ. ಎಷ್ಟನ್ನು ಬಿಟ್ಟೆ, ಎಷ್ಟನ್ನು ತಡೆದೆ, ತಡೆದವು ಎಲ್ಲಿಂದ ಬಂದಿದ್ದವು ಎಂಬ ಅಂಕಿಗಳನ್ನು ನನ್ನ ಕಂಪ್ಯೂಟರಿನ ಪರದೆಯ ಮೇಲೆ ಕಾಣಿಸುತ್ತದೆ. ಅದನ್ನು ದಿನಾ ನೋಡಿ, ಶನಿವಾರಕ್ಕೊಮ್ಮೆ ಹೈದರಾಬಾದಿಗೆ ವರದಿ ಕಳಿಸುವುದು ನನ್ನ ಹೊಸ ಕೆಲಸವಾಯಿತು.

ಕಾಯುವುದೆಲ್ಲ ಡಬ್ಬಿ, ನಾನು ಬರೀ ನೋಡುವವನು. ಆದರೂ "ತಡೆದದ್ದು" ಎಂಬ ಅಂಕಣದಲ್ಲಿ ಅಂಕಿ ಏರುವುದನ್ನು ನೋಡುತ್ತ ಕುಳಿತರೆ, ನಾನೇ ಬಡಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೇನೆ ಅನ್ನಿಸತೊಡಗಿತು. ಪಕ್ಕದ ಮೇಜಿನ ಇಮಾಮ್ ಸಾಹೇಬರು ನಮ್ಮ ಹಿರಿಯ ಅಕೌಂಟೆಂಟರು. ಅವರು ದಿನಾ ಚಹಾದ ಹೊತ್ತಿಗೆ ಕುರ್ಚಿ ನನ್ನ ಕಡೆ ತಿರುಗಿಸಿ, "ಇವತ್ತ ಎಷ್ಟು ಚೋರ್ ಸಿಕ್ರು, ರಾಯರ?" ಎಂದು ಕೇಳುತ್ತಿದ್ದರು. ನಾನು ಅಂಕಿ ಹೇಳುತ್ತಿದ್ದೆ. ಅವರು, "ತೌಬಾ ತೌಬಾ" ಎಂದು ಚಹಾ ಮುಗಿಸುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ನನ್ನ ನಡಿಗೆಯೇ ಬೇರೆಯಾಗಿರುತ್ತಿತ್ತು ಎಂದು ಹೆಂಡತಿ ಪದ್ಮಾ ಈಗಲೂ ಹೇಳಿ ನಗುತ್ತಾಳೆ.

ಇಷ್ಟಕ್ಕೇ ನಿಂತಿದ್ದರೆ ನನಗೆ ನಾಚಿಕೆಪಡುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ನನಗೊಬ್ಬ ಷಡ್ಡಕನಿದ್ದಾನೆ. ಪದ್ಮಾಳ ತಂಗಿ ಸುಧಾಳ ಗಂಡ, ಪ್ರಲ್ಹಾದ. ನಮ್ಮದೇ ಕಂಪನಿಯ ಶಹಾಬಾದ ಶಾಖೆಯಲ್ಲಿ ಅವನಿಗೂ ಇದೇ ಕೆಲಸ, ಅವನ ಹತ್ತಿರವೂ ಅಂಥದೇ ಕಪ್ಪು ಡಬ್ಬಿ. ಆ ನೌಕರಿಗೆ ಅವನ ಹೆಸರು ಸೂಚಿಸಿದವನೂ ನಾನೇ. ನಮ್ಮಿಬ್ಬರಿಗೂ ಹೆಣ್ಣು ಕೊಟ್ಟ ಮನೆ ಚಿತ್ತಾಪುರದಲ್ಲಿದೆ. ಆ ಮನೆಯಲ್ಲಿ ಊಟಕ್ಕೆ ಕುಳಿತಾಗ ತುಪ್ಪದ ಮಿಳ್ಳೆ ಮೊದಲು ಹಿರಿಯ ಅಳಿಯನ ಎಲೆಗೆ ಬರಬೇಕು, ಆಮೇಲೆ ಉಳಿದವರಿಗೆ. ಇದು ಎಲ್ಲಿಯೂ ಬರೆದಿಟ್ಟ ಕಾನೂನಲ್ಲ. ಆದರೆ ಅತ್ತೆಯವರು ಒಮ್ಮೆಯೂ ತಪ್ಪಿದವರಲ್ಲ. ಆಫೀಸಿನಲ್ಲಿ ಕಾಗದ ಜಗ್ಗುವ ನನಗೆ ಭೂಮಿಯ ಮೇಲೆ ಇದ್ದ ಒಂದೇ ಒಂದು ದೊಡ್ಡಸ್ತಿಕೆ ಎಂದರೆ ಆ ಮೊದಲ ತುಪ್ಪ. ಅದು ಹೋದೀತು ಎಂಬ ಭಯ ನನಗೆ ಪ್ರಲ್ಹಾದನ ಮದುವೆಯ ದಿನದಿಂದಲೂ ಇತ್ತು. ಅವನು ಮಾತಿನಲ್ಲಿ ಜೋರು, ನೋಡಲು ಎತ್ತರ. ಅತ್ತೆಯವರಿಗೆ ಔಷಧಿ ತಂದುಕೊಡುವುದರಲ್ಲಿಯೂ ಮುಂದು.

ಡಬ್ಬಿಗಳು ಬಂದ ಮೇಲೆ ಪ್ರಲ್ಹಾದ ದಿನಾ ಬೆಳಿಗ್ಗೆ ಆಫೀಸಿನ ಫೋನಿಗೆ ಫೋನು ಮಾಡಲು ಶುರುಮಾಡಿದ. ಕ್ಷೇಮಸಮಾಚಾರವಿಲ್ಲ, ಏನಿಲ್ಲ. "ರಾಯರ, ನಿನ್ನಿ ಎಷ್ಟು ಹೊಡದ್ರಿ?" ಎಂದೇ ಕೇಳುತ್ತಿದ್ದ, ಇಬ್ಬರೂ ಬೇಟೆಗೆ ಹೋಗಿ ಬಂದವರ ಹಾಗೆ. ನಾನೂ ಅಂಕಿ ಹೇಳುತ್ತಿದ್ದೆ. ಒಂದು ದಿನ ನನ್ನದು ಹೆಚ್ಚು, ಒಂದು ದಿನ ಅವನದು. ಈ ಅಂಕಿಗಳು ನಮ್ಮಿಬ್ಬರ ಹೆಂಡಂದಿರ ಮೂಲಕ ಚಿತ್ತಾಪುರಕ್ಕೂ ಮುಟ್ಟುತ್ತಿದ್ದವು. ಅತ್ತೆಯವರಿಗೆ ಪ್ಯಾಕೆಟ್ ಎಂದರೆ ಹಾಲಿನದೋ ಬಿಸ್ಕೀಟಿನದೋ ಇರಬೇಕು. ಆದರೆ ಅಳಿಯಂದಿರಿಬ್ಬರೂ ದೊಡ್ಡ ಆಫೀಸಿನ ಬಾಗಿಲು ಕಾಯ್ದು ಕಳ್ಳರನ್ನು ಹೊಡೆಯುತ್ತಾರೆ ಎಂಬಷ್ಟು ಅವರಿಗೆ ತಿಳಿದಿತ್ತು. ನೆರೆಮನೆಯವರಿಗೂ ಅಷ್ಟನ್ನೇ ತಿಳಿಸಿದ್ದರು.

ಹೀಗಿರುವಾಗ ದಸರೆ ಬಂತು. ನಮ್ಮ ಕಡೆ ಲಾರಿ ಕಂಪನಿಗಳಿಗೆ ಖಂಡೆ ಪೂಜೆಗಿಂತ ದೊಡ್ಡ ಹಬ್ಬವಿಲ್ಲ. ಲಾರಿಗಳನ್ನು ತೊಳೆದು, ಮುಂದೆ ಬಾಳೆಯ ಕಂದು ಕಟ್ಟಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಡುತ್ತಾರೆ. ಆಫೀಸಿನೊಳಗೆ ದೇವಿಯ ಫೋಟೋದ ಮುಂದೆ ಜಮಖಾನ ಹಾಸಿ, ಒಬ್ಬೊಬ್ಬರೂ ತಮ್ಮ ತಮ್ಮ ಆಯುಧಗಳನ್ನು ತಂದಿಡಬೇಕು. ಮೆಕ್ಯಾನಿಕ್‌ಗಳು ಜಾಕು, ಪಾನಾ, ಸುತ್ತಿಗೆ ತರುತ್ತಿದ್ದರು. ಇಮಾಮ್ ಸಾಹೇಬರು ತಮ್ಮ ಹಳೆಯ ಕ್ಯಾಲ್ಕುಲೇಟರನ್ನು ಕರ್ಚೀಫಿನಿಂದ ಒರೆಸಿ ಇಡುತ್ತಿದ್ದರು. ನಾನು ಪ್ರತಿವರ್ಷ ಒಂದು ಮೌಸ್ ಇಡುತ್ತಿದ್ದೆ. ಆ ಜಾಕು ಸುತ್ತಿಗೆಗಳ ಸಾಲಿನಲ್ಲಿ ಬಾಲ ಸುತ್ತಿಕೊಂಡು ಕುಳಿತ ನನ್ನ ಮೌಸನ್ನು ನೋಡಿ ಡ್ರೈವರುಗಳು, "ರಾಯರ, ಇದರ್ಲೆ ಯಾರಿಗಿ ಹೊಡೀತೀರಿ?" ಎಂದು ನಗುತ್ತಿದ್ದರು. ನಾನೂ ನಕ್ಕಂತೆ ಮಾಡುತ್ತಿದ್ದೆ.

ಆ ವರ್ಷ ನನ್ನ ಹತ್ತಿರ ಖರೆಯ ಆಯುಧವೇ ಇತ್ತಲ್ಲ. ಇಡೀ ಆಫೀಸಿನಲ್ಲಿ ದಿನವೂ ಶತ್ರುಗಳೊಡನೆ ಬಡಿದಾಡುವುದು ನನ್ನ ಡಬ್ಬಿಯೊಂದೇ. ಅದನ್ನು ಬಿಟ್ಟು ಮೌಸಿಗೆ ಪೂಜೆ ಮಾಡಿದರೆ ದೇವಿ ಮೆಚ್ಚಿಯಾಳೇ? ಆದರೆ ಪೂಜೆಗಿಟ್ಟ ಆಯುಧವನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟುವ ಹಾಗಿಲ್ಲ. ಮ್ಯಾನೇಜರ್ ಸಾಹೇಬರು ಗಾಬರಿಯಾಗಿ, "ಅಲ್ರಿ, ಅದನ್ನ ಬಿಚ್ಚಿದ್ರ ಮೇಲ್ ಬಂದ್ ಆಗ್ತದ. ಹೈದ್ರಾಬಾದದವರು ನನ್ನ ಜೀವಾ ತಿಂತಾರ" ಎಂದರು. "ನೀವು ಸುಮ್ಮ ಕುಂದ್ರಿ ಸಾಹೇಬ್ರ, ನಾ ಅದೀನಿ" ಎಂದು ನಾನು ಹೊರಗಿನಿಂದ ಬರುವ ಇಂಟರ್ನೆಟ್ ವೈರನ್ನು ಡಬ್ಬಿಯಿಂದ ಕಿತ್ತು, ಆಫೀಸಿನ ಎಲ್ಲ ಕಂಪ್ಯೂಟರ್‌ಗಳ ವೈರು ಕೂಡುವ ಸ್ವಿಚ್ಚಿಗೆ ನೇರವಾಗಿ ಚುಚ್ಚಿದೆ. ಮೇಲ್ ಸರಾಗವಾಗಿ ನಡೆಯಿತು. ಸಾಹೇಬರು ಭೇಷ್ ಅಂದರು. ಡಬ್ಬಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಜಾಕಿಗಿಂತ ಮುಂದೆ, ದೇವಿಯ ಪಾದದ ಹತ್ತಿರವೇ ಇಟ್ಟೆ. ಆ ಸಲ ಯಾವ ಡ್ರೈವರನೂ ನಗಲಿಲ್ಲ. ಒಬ್ಬನಂತೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ದಸರೆ ಮುಗಿದ ಮೇಲೆ ಡಬ್ಬಿಯನ್ನು ಅದರ ಸ್ಥಾನದಲ್ಲಿ ಕೂರಿಸಿದೆ. ಕರೆಂಟಿನ ವೈರು ಹಾಕಿದೆ, ಅದರ ಲೆಕ್ಕ ನನ್ನ ಕಂಪ್ಯೂಟರಿಗೆ ತರುವ ವೈರು ಹಾಕಿದೆ. ಹಸಿರು ದೀಪಗಳು ಹೊತ್ತಿಕೊಂಡವು. ದೀಪ ಹೊತ್ತಿದ ಮೇಲೆ ಇನ್ನೇನು ಬೇಕು ಎಂದು ಕೈಮುಗಿದು ನನ್ನ ಕುರ್ಚಿಗೆ ಬಂದು ಕುಳಿತೆ.

ತಡೆದದ್ದು ಸೊನ್ನೆ.

ಮೊದಲ ದಿನ ನನಗೆ ಮೈ ಜುಮ್ಮೆಂದಿತು. ದೇವಿಯ ಮಹಿಮೆಯೇ ಇದು, ಪೂಜೆಗೊಂಡ ಬಾಗಿಲಿಗೆ ಬರುವ ಧೈರ್ಯ ಯಾವ ಕಳ್ಳನಿಗೂ ಆಗಿಲ್ಲ ಎಂದುಕೊಂಡೆ. ಪದ್ಮಾಳಿಗೆ ಹೇಳಿದೆ, ಅವಳು ಚಿತ್ತಾಪುರಕ್ಕೆ ಹೇಳಿದಳು, ಅಲ್ಲಿಂದ ಮಂತ್ರಾಕ್ಷತೆಯೂ ಬಂತು. "ಬಿಟ್ಟದ್ದು" ಎಂಬ ಅಂಕಣದಲ್ಲಿಯೂ ಸೊನ್ನೆಯೇ ಇತ್ತು. ಅದನ್ನು ನೋಡಿದ್ದರೆ ಸಣ್ಣ ಹುಡುಗನಿಗೂ ಸಂಶಯ ಬರುತ್ತಿತ್ತು. ಆದರೆ ಆ ಅಂಕಣವನ್ನು ನಾನು ಎಂದೂ ನೋಡಿದವನಲ್ಲ. ಒಳ್ಳೆಯವರನ್ನು ಒಳಗೆ ಬಿಟ್ಟದ್ದಕ್ಕೆ ಯಾರು ಹೊಗಳುತ್ತಾರೆ ಹೇಳಿ. ಆದರೆ ಮರುದಿನವೂ ಸೊನ್ನೆ. ಅದರ ಮರುದಿನವೂ ಸೊನ್ನೆ. ಅತ್ತ ಶಹಾಬಾದದಿಂದ ಪ್ರಲ್ಹಾದನ ಫೋನು. "ರಾಯರ, ನಮ್ಮ ಕಡಿ ಕೇಳಬ್ಯಾಡ್ರಿ. ದಸರಾ ಆದಾಗಿಂದ ಕಳ್ಳರ ಸಂತಿ ನೆರದಂಗ ಆಗ್ಯಾದ. ಒಬ್ಬನ್ನ ಹೊಡಿಯೂದ್ರಾಗ ಹತ್ತು ಮಂದಿ ಬಾಗಿಲಾ ಬಡೀತಾರ. ನಿಮ್ಮ ಕಡಿ ಎಷ್ಟರಿ?"

"ನಮ್ಮ ಕಡೆ ಶಾಂತದ" ಎಂದೆ.

"ಶಾಂತದ ಅಂದ್ರ?"

"ಯಾರೂ ಬಂದಿಲ್ಲ. ಪೂಜಾ ಮಾಡೇವಲ್ಲ."

ಆ ಕಡೆ ಅವನು ಒಮ್ಮೆ ಲೊಚಗುಟ್ಟಿದ. ಆಮೇಲೆ ಬಹಳ ಮೆತ್ತಗೆ, "ಹೋಗ್ಲಿ ಬಿಡ್ರಿ, ಬೇಜಾರ ಮಾಡ್ಕೋಬ್ಯಾಡ್ರಿ. ನಿಮ್ಮಲ್ಲಿ ಕದಿಯುವಂಥಾದ್ದು ಏನದ ಪಾಪ" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ "ಪಾಪ" ಎಂಬ ಮಾತು ನನ್ನ ಎದೆಯಲ್ಲಿ ನಾಟಿ ಕುಳಿತಿತು. ಮಳಖೇಡದ ನಮ್ಮ ತಾಯಿ ಅಂದು ಯಾಕೆ ಅತ್ತಳು ಎಂಬುದು ನನಗೆ ಫೋನು ಕೆಳಗಿಡುವಾಗ ತಿಳಿಯಿತು.

ಮುಂದೆ ನಾನು ಮಾಡಿದ್ದನ್ನೆಲ್ಲ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ದಿನವಿಡೀ ಪರದೆಯ ಮುಂದೆ ಕುಳಿತು ಒಬ್ಬನಾದರೂ ಬಂದಾನೆಯೇ ಎಂದು ಕಾಯ್ದೆ. ಊಟದ ಡಬ್ಬಿಯನ್ನೂ ಅಲ್ಲಿಯೇ ಬಿಚ್ಚುತ್ತಿದ್ದೆ. ಊಟಕ್ಕೆದ್ದು ಹೋದಾಗಲೇ ಬಂದುಹೋದರೆ ಏನು ಗತಿ ಎಂದು. ಇಮಾಮ್ ಸಾಹೇಬರು ಚಹಾದ ಹೊತ್ತಿಗೆ ಕುರ್ಚಿ ತಿರುಗಿಸುವುದನ್ನೇ ಬಿಟ್ಟರು. ಕೇಳಿದರೆ ನನಗೆ ನೋವಾದೀತು ಎಂದು. ಒಂದು ಬೆಳಿಗ್ಗೆ ಪ್ರಲ್ಹಾದ ಕೇಳಿದಾಗ ನನ್ನ ಬಾಯಿಂದ ತಾನಾಗಿಯೇ, "ನಿನ್ನೆ ಒಂದಿಷ್ಟು ಬಂದಿದ್ರು, ಚಲೋತಂಗ ಹೊಡದು ಕಳಿಸೀನಿ" ಎಂಬ ಮಾತು ಬಂತು. ಎರಡೂ ಶಾಖೆಗಳ ವರದಿಗಳನ್ನು ಹೈದರಾಬಾದಿನವರು ಒಂದೇ ಹಾಳೆಯಲ್ಲಿ ಸೇರಿಸಿ ಎಲ್ಲರಿಗೂ ಕಳಿಸುತ್ತಾರೆ ಎಂಬುದು ಆಮೇಲೆ ನೆನಪಾಯಿತು. ಶನಿವಾರ ಆ ಹಾಳೆ ಬಂತು. ಶಹಾಬಾದದ ಮುಂದೆ ಉದ್ದನೆಯ ಅಂಕಿ, ನನ್ನ ಹೆಸರಿನ ಮುಂದೆ ದುಂಡನೆಯ ಸೊನ್ನೆ. ಪ್ರಲ್ಹಾದ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ದೊಡ್ಡ ಮನುಷ್ಯ.

ಆ ಭಾನುವಾರ ಚಿತ್ತಾಪುರದಲ್ಲಿ ಊಟಕ್ಕೆ ಕುಳಿತಾಗ ಅತ್ತೆಯವರು ತುಪ್ಪದ ಮಿಳ್ಳೆ ಹಿಡಿದು ಬಂದರು. ನಾನು ಅನ್ನದಲ್ಲಿ ಕುಳಿ ಮಾಡಿ ಕಾಯುತ್ತಿದ್ದೆ. ಮಿಳ್ಳೆ ನನ್ನ ಎಲೆಯ ಮುಂದೆ ಹಾದು ಪ್ರಲ್ಹಾದನ ಎಲೆಯ ಮೇಲೆ ಬಗ್ಗಿತು. "ಹಗಲೂ ರಾತ್ರಿ ಕಳ್ಳರ ಜೋಡಿ ಬಡದಾಡಿ ಎಷ್ಟು ಸೊರಗ್ಯಾರ ನೋಡ್ರಿ" ಎಂದು ಅತ್ತೆಯವರು ಕನಿಕರದಿಂದ ಹೇಳಿದರು. ಪ್ರಲ್ಹಾದ ಸೊರಗಿದ್ದು ನನಗೆ ಕಾಣಿಸಲಿಲ್ಲ. ಪದ್ಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ವಾಡಿಗೆ ಮರಳುವಾಗ ರೈಲಿನಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಲ್ರಿ, ನಿಮ್ಮ ಕಡಿ ಯಾಕ ಬರವಲ್ರು?" ಆ ರಾತ್ರಿ ದೇವರ ಮುಂದೆ ದೀಪ ಹಚ್ಚಿ, ನನ್ನ ವಂಶದಲ್ಲಿ ಯಾರೂ ಬೇಡಿರಲಾರದಂಥದನ್ನು ನಾನು ಬೇಡಿಕೊಂಡೆ. ತಾಯೀ, ಒಬ್ಬ ಕಳ್ಳನನ್ನಾದರೂ ಕಳಿಸು.

ಕಳ್ಳ ಬರಲಿಲ್ಲ, ಹೈದರಾಬಾದಿನಿಂದ ಎಂಜಿನಿಯರ್ ಬಂದರು. ವಾಡಿ ಆಫೀಸಿನ ಮೇಲ್ ಆಮೆಯ ಹಾಗೆ ನಡೆಯುತ್ತಿದೆ ಎಂದು ಮ್ಯಾನೇಜರ್ ಸಾಹೇಬರು ದೂರು ಕೊಟ್ಟಿದ್ದರಂತೆ. ಮಾಧವಿ ಎಂದು ಅವರ ಹೆಸರು, ತಾಂಡೂರಿನ ಕಡೆಯವರು, ತೆಲುಗಿನ ಎಳೆತದಲ್ಲಿ ಕನ್ನಡ ಮಾತಾಡುತ್ತಿದ್ದರು. ನಾನು ಅವರನ್ನು ಪರದೆಯ ಮುಂದೆ ಕೂರಿಸಿ, ಸೊನ್ನೆಯನ್ನು ತೋರಿಸಿ, ಇದರಲ್ಲಿ ನನ್ನ ತಪ್ಪೇನೂ ಇಲ್ಲ, ನಾನು ದಿನಾ ಕಾಯುತ್ತಿದ್ದೇನೆ ಎಂದೆ. ಅವರು ಪರದೆಯನ್ನು ಒಮ್ಮೆ ನೋಡಿ ಎದ್ದು ಹೋಗಿ ಡಬ್ಬಿಯ ಮುಂದೆ ಬಗ್ಗಿದರು. ಅದರ ಗಾಳಿ ಆಡುವ ಕಿಂಡಿಗಳಲ್ಲಿ ಒಣಗಿದ ಚೆಂಡುಹೂವಿನ ಎಸಳು ಸಿಕ್ಕಿಕೊಂಡಿದ್ದವು.

"ಏನು ಸರ್, ಇದಕ್ಕ ಕುಂಕುಮ?"

"ಖಂಡೆ ಪೂಜಾ ಮಾಡಿದ್ವಿರಿ, ಮೇಡಂ."

"ಮಂಚಿದೇ. ಒಳ್ಳೇದು ಮಾಡಿದ್ರಿ" ಎಂದು ಅವರು ವೈರನ್ನು ಬೆರಳಿನಿಂದ ಹಿಡಿದು ಅದು ಹೋದಲ್ಲಿಗೆ ತಾವೂ ಹೋಗುತ್ತ, ಕಪಾಟಿನ ಹಿಂದೆ ಕೈ ಹಾಕಿ, "ಆಮೇಲೆ ಹೊರಗಿನ ವೈರು ಹಾಕಿದ್ರ ಇನ್ನೂ ಒಳ್ಳೇದಿತ್ತು, ಸರ್" ಎಂದರು. "ಬಾಗಿಲು ಇಲ್ಲಿ ಕುಂತದ. ರಸ್ತಾ ಆ ಕಡೆಯಿಂದ ಹೋಗ್ಯಾದ. ಇದರ ಮುಂದ ಯಾರು ಬರ್ತಾರ?"

ಇಮಾಮ್ ಸಾಹೇಬರು ತಮ್ಮ ಕುರ್ಚಿಯಿಂದಲೇ, "ಅರೇ ರಾಯರ! ಚೌಕೀದಾರನ್ನ ಒಳಗ ಕೂಡಿಸಿ ಹೂವಿನ ಹಾರಾ ಹಾಕಿ, ದರವಾಜಾ ಖುಲ್ಲಾ ಬಿಟ್ಟಿದ್ರೇನ್ರಿ?" ಎಂದರು. ಅವರು ನಗಬಾರದೆಂದು ತುಟಿ ಕಚ್ಚಿಕೊಂಡದ್ದು ನನಗೆ ಕಾಣುತ್ತಿತ್ತು. ಅಂದು ಜಾಣತನದಿಂದ ಸ್ವಿಚ್ಚಿಗೆ ಚುಚ್ಚಿದ ವೈರನ್ನು ನಾನು ಹಾಗೆಯೇ ಮರೆತುಬಿಟ್ಟಿದ್ದೆ. ದಸರೆಯಿಂದ ನಮ್ಮ ಆಫೀಸಿಗೆ ಬಾಗಿಲೇ ಇರಲಿಲ್ಲ.

ಮಾಧವಿಯವರು ವೈರನ್ನು ಡಬ್ಬಿಗೆ ಹಾಕಿದರು. ಹಾಕಿದ್ದೇ ತಡ, ತಡೆದದ್ದರ ಅಂಕಿ ಎದ್ದು ಓಡತೊಡಗಿತು. ನೂರು, ಐನೂರು, ಸಾವಿರ, ಕಣ್ಣಿಗೆ ಹಿಡಿಯಲಾರದಷ್ಟು ಜೋರು. ಅವಮಾನವೆಲ್ಲ ಒಂದು ಕ್ಷಣ ಮರೆತು, ಬಂದರು ಬಂದರು ಎಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಪ್ರಲ್ಹಾದನ ಅಂಕಿ ಇದರ ಮುಂದೆ ಏನೂ ಅಲ್ಲ. ಮಾಧವಿಯವರು ಮಾತ್ರ ಹುಬ್ಬು ಗಂಟಿಕ್ಕಿ, "ಇವು ಹೊರಗಿಂದ ಬರಾಕತ್ತಿಲ್ಲ ಸರ್. ಒಳಗಿಂದ ಹೊರಗ ಹೊಂಟಾವ. ಎಲ್ಲಾ ಒಂದೇ ಕಂಪ್ಯೂಟರಿಂದ. ಈ ನಂಬರ್ ಯಾರದು?" ಎಂದು ಕೇಳಿದರು. ಆಫೀಸಿನ ಪ್ರತಿಯೊಂದು ಕಂಪ್ಯೂಟರಿಗೂ ಅದರ ನಂಬರು ಬರೆದ ಚೀಟಿ ಅಂಟಿಸಿದವನು ನಾನು. ಹುಡುಕಲು ಹೋಗಬೇಕಾಗಲಿಲ್ಲ. ಆ ಚೀಟಿ ನನ್ನ ಮೂಗಿನ ಮುಂದೆಯೇ ಇತ್ತು.

ಬಾಗಿಲಿಲ್ಲದ ಆಫೀಸಿಗೆ ವೈರಸ್ ಬಂದು, ಹಗಲೂ ರಾತ್ರಿ ಹೊತ್ತಿಕೊಂಡೇ ಇರುವ ಕಂಪ್ಯೂಟರನ್ನು ಹುಡುಕಿ ಅದರಲ್ಲಿ ಮನೆಮಾಡಿತ್ತಂತೆ. ಕಳ್ಳರನ್ನು ಕಾಯಲೆಂದು ಡಬ್ಬಿ ಬಂದಾಗಿನಿಂದ ನಾನು ಅದನ್ನು ರಾತ್ರಿಯೂ ಆರಿಸುತ್ತಿರಲಿಲ್ಲ. ಈ ಜಾತಿಯ ವೈರಸ್ಸು ಕುಳಿತಲ್ಲಿಂದಲೇ ಬೇರೆ ಬಾಗಿಲುಗಳನ್ನು ಬಡಿಯುತ್ತದೆ, ಮೊದಲು ತನ್ನ ನಂಬರಿನ ಅಕ್ಕಪಕ್ಕದವರ ಬಾಗಿಲು ಎಂದು ಮಾಧವಿಯವರು ತಿಳಿಸಿ ಹೇಳಿದರು. "ಅಕ್ಕಪಕ್ಕ ಅಂದ್ರ ಯಾರ್ರಿ?" ಎಂದೆ. ಅವರು ಪರದೆಯ ಮೇಲೆ ಬೆರಳಿಟ್ಟು, "ನಿಮ್ಮದೇ ಕಂಪನಿ ಸರ್, ಶಹಾಬಾದ ಬ್ರಾಂಚು. ಪಾಪ, ದಸರಾದಿಂದ ಅವರ ಬಾಗಿಲಾ ಬಡಿಯೂದು ನೀವೇ" ಎಂದರು.

ನಾನು ಕುಳಿತೆ. ಪ್ರಲ್ಹಾದ ಹಗಲೂ ರಾತ್ರಿ ಹೊಡೆದದ್ದು ನನ್ನನ್ನು. ಅವನ ಎಲೆಗೆ ಮೊದಲು ಬಿದ್ದ ತುಪ್ಪವನ್ನು ದುಡಿದುಕೊಟ್ಟವನೂ ನಾನೇ. ಮಾಧವಿಯವರು ಕಂಪ್ಯೂಟರನ್ನು ಶುದ್ಧಮಾಡಿ, ಹೋಗುವಾಗ, "ಶಹಾಬಾದದವರಿಗೆ ನೀವು ಹೇಳ್ತೀರೋ, ನಾ ಹೇಳಲೋ?" ಎಂದು ಕೇಳಿದರು. ನಮ್ಮ ಷಡ್ಡಕನೇ ಅಲ್ಲಿರುವುದು, ನಾನೇ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವರು ಹೊರಟಮೇಲೆ ಫೋನು ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಪ್ರಲ್ಹಾದ, "ರಾಯರ! ಸುದ್ದಿ ಮುಟ್ಟಿತೇನ್ರಿ? ದೀಪಾವಳಿಗೆ ನಮ್ಮ ಆಫೀಸಿನವರು ನನಗ ಸನ್ಮಾನ ಇಟ್ಟಾರ. ಇಷ್ಟು ಕಳ್ಳರನ್ನ ತಡದಾಂವ ಕಂಪನಿದಾಗ ಇನ್ನೊಬ್ಬ ಇಲ್ಲಂತ" ಎಂದು ಕೂಗಿದ. "ಭಾಳ ಚಲೋ ಆಯ್ತು" ಎಂದು ನಾನು ಫೋನು ಇಟ್ಟೆ. ಹೇಳಬೇಕಾದದ್ದು ಹೇಳದೇ ಉಳಿಯಿತು.

ದೀಪಾವಳಿಗೆ ಅಳಿಯಂದಿರಿಬ್ಬರಿಗೂ ಚಿತ್ತಾಪುರದಿಂದ ಕರೆ ಬಂತು. ರೈಲಿನಲ್ಲಿ ಪದ್ಮಾಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು, "ಊಟ ಆಗೋತನಾ ಬಾಯಿ ಬಿಡಬ್ಯಾಡ್ರಿ" ಎಂದಳು. ಮನೆ ತಲುಪಿದರೆ ಪ್ರಲ್ಹಾದ ಹಿಂದಿನ ದಿನ ಆಫೀಸಿನಲ್ಲಿ ಸನ್ಮಾನ ಮಾಡಿಸಿಕೊಂಡು ಬಂದಿದ್ದ. ಅದು ಸಾಲದೆಂದು ಅತ್ತೆಯವರು ಮನೆಯಲ್ಲಿಯೂ ಆರತಿ ಎತ್ತಿ, ಪೆಟ್ಟಿಗೆಯಿಂದ ಒಂದು ಶಾಲು ತೆಗೆದು ಅವನಿಗೆ ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನಿಂದ ಪಾರಾದದ್ದಕ್ಕೆ ಅವನಿಗೆ ಸನ್ಮಾನ ನಡೆದಾಗ ನಾನು ತಟ್ಟದಿದ್ದರೆ ಹೇಗೆ? ಆಮೇಲೆ ಊಟ. ತುಪ್ಪ ಮೊದಲು ಅವನಿಗೇ ಹೋಯಿತು. ನಾನು ತಲೆ ಎತ್ತಲಿಲ್ಲ.

ಬಾಗಿಲು ಬಡಿದವರೆಲ್ಲ ಒಂದೇ ನಂಬರಿನವರು, ಅಂದರೆ ಒಬ್ಬನೇ ಕಳ್ಳ ಎಂದು ಪ್ರಲ್ಹಾದ ಆಗಲೇ ಹೇಳಿಯಾಗಿತ್ತು. ಅತ್ತೆಯವರು ನನ್ನ ಎಲೆಗೆ ಹೋಳಿಗೆ ಹಾಕುತ್ತ, "ಯಾವ ಹಾಳಾದಂವ ಇರಬೇಕ್ರಿ ಅಂವಾ. ನಮ್ಮ ಹುಡುಗನ್ನ ಹಿಂಗ ಕಾಡ್ಯಾನ. ಅವನ ಕೈಗೆ ಹುಳಾ ಬೀಳ್ಲಿ" ಎಂದು ಶಪಿಸಿದರು. ನನ್ನ ಕೈ ಆಗ ಹೋಳಿಗೆಯ ಮೇಲಿತ್ತು. ಮುರಿಯಲು ಧೈರ್ಯವಾಗದೆ ಹಾಗೆಯೇ ಇಟ್ಟುಕೊಂಡು ಕುಳಿತೆ.

"ಅಂವಾ ನಮ್ಮ ಕಡಿ ಮನಷ್ಯಾ ಅಲ್ರಿ, ಅತ್ತಿಯವರ" ಎಂದು ಪ್ರಲ್ಹಾದ ಶಾಲು ಸರಿಮಾಡಿಕೊಂಡ. "ಯಾವದೋ ದೂರದ ದೇಶದಾಂವ ಇರಬೇಕು. ಎಂಥಾ ಹಟಾ ಅಂತೀರಿ! ಒಂದು ಮಿನಿಟ ಬಿಡಲಾರದಂಗ ಬಡದಾನ. ಅಷ್ಟು ತಲಿ, ಅಷ್ಟು ತಾಕತ್ತು ನಮ್ಮ ಕಡಿ ಮಂದಿಗಿ ಎಲ್ಲಿಂದ ಬರಬೇಕ್ರಿ?"

ಇಷ್ಟು ಹೊತ್ತು ನನಗಿದ್ದದ್ದು ಬರೀ ನಾಚಿಕೆ. ಈ ಮಾತು ಕೇಳಿದಾಗ, ದೇವರಾಣೆ, ಸಿಟ್ಟು ಬಂತು. ನನ್ನ ತಲೆಗೆ, ನನ್ನ ತಾಕತ್ತಿಗೆ ಇವನು ಯಾವುದೋ ದೇಶದವನನ್ನು ಹೊಗಳುತ್ತಾನಲ್ಲ! ಪದ್ಮಾ ದೂರದಿಂದಲೇ ಕಣ್ಣು ಬಿಟ್ಟು ಬೇಡ ಎಂದಳು. ನಾನು ನಿಲ್ಲಲಿಲ್ಲ. "ಅದು ಬ್ಯಾರೆ ಯಾರೂ ಅಲ್ಲ, ನಾನೇ" ಎಂದೆ.

ಪ್ರಲ್ಹಾದ ಹೋ ಎಂದು ನಕ್ಕ. ಸುಧಾ ನಕ್ಕಳು. ಎಂದೂ ನಗದ ಮಾವನವರು ಸಹ ನಕ್ಕು ಕೆಮ್ಮಿದರು. ನಾನು ಬಿಡಲಿಲ್ಲ. ದೇವಿಯ ಮುಂದೆ ಡಬ್ಬಿ ಇಟ್ಟದ್ದು, ಹೊರಗಿನ ವೈರು ಮರೆತದ್ದು, ನನ್ನ ಕಂಪ್ಯೂಟರಿನಲ್ಲಿ ವೈರಸ್ ಸಿಕ್ಕದ್ದು, ಒಂದೊಂದಾಗಿ ಎಲ್ಲವನ್ನೂ ಹೇಳಿದೆ. ಹೇಳಿದಷ್ಟೂ ನಗು ಹೆಚ್ಚಾಯಿತು. "ಕಾಯೂ ಡಬ್ಬಿನೇ ಬಿಚ್ಚಿ ಪೂಜಾಕ್ಕ ಇಟ್ಟಿದ್ರಂತ! ತಿಳದವರು ಯಾರರ ಹಂಗ ಮಾಡ್ತಾರೇನ್ರಿ? ರಾಯರು ಮಸ್ತ್ ಕಥಿ ಕಟ್ಟತಾರ" ಎಂದು ಪ್ರಲ್ಹಾದ ಕಣ್ಣೀರು ಒರೆಸಿಕೊಂಡ. ನನ್ನ ಜೀವನದಲ್ಲಿ ನಾನು ಅಷ್ಟು ಖರೆ ಮಾತಾಡಿದ್ದು ಅದೇ ಮೊದಲು. ಒಬ್ಬರೂ ನಂಬಲಿಲ್ಲ. ನಾನು ಅಷ್ಟು ದೊಡ್ಡ ದಡ್ಡನಿರಲಾರೆ ಎಂದು ಕೆಲವರು, ಅಷ್ಟು ದೊಡ್ಡ ಕಳ್ಳನಾಗುವ ಯೋಗ್ಯತೆ ನನಗಿಲ್ಲ ಎಂದು ಉಳಿದವರು.

ನಗದೇ ಇದ್ದವರು ಅತ್ತೆಯವರೊಬ್ಬರೇ. ಹೋಳಿಗೆಯ ಪರಾತವನ್ನು ಕೆಳಗಿಟ್ಟು, "ನಗಬ್ಯಾಡ್ರಿ ಯಾರೂ. ಹಿರಿ ಅಳೇಂದ್ರ ಮನಸ್ಸಿಗಿ ಹತ್ಯಾದ. ಹಬ್ಬದ ದಿನ ಒಬ್ಬರಿಗಿ ಮಾಡಿ ಒಬ್ಬರಿಗಿ ಬಿಟ್ಟೆ, ನಂದೇ ತಪ್ಪು" ಎಂದು ಒಳಗೆ ಹೋದರು. ಪೆಟ್ಟಿಗೆ ತೆರೆದ ಸದ್ದು ಕೇಳಿಸಿತು. ಬರುವಾಗ ಅವರ ಕೈಯಲ್ಲಿ ಇನ್ನೊಂದು ಶಾಲು ಇತ್ತು. ನಾನು ಬೇಡ ಬೇಡ ಎನ್ನುತ್ತಿರುವಾಗಲೇ, ಎಂಜಲುಗೈಯಲ್ಲಿ ಕುಳಿತ ನನ್ನ ಹೆಗಲಿಗೆ ಅದನ್ನು ಹೊದಿಸಿ, ತಾವೇ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು, ಎಲ್ಲರಿಗಿಂತ ಜೋರಾಗಿ ಪ್ರಲ್ಹಾದ. ಬಾಗಿಲು ಕಾಯ್ದವನಿಗೂ ಬಡಿದವನಿಗೂ ಒಂದೇ ಪಂಕ್ತಿಯಲ್ಲಿ ಶಾಲು. ನಾನು ನೆಲ ನೋಡುತ್ತ ಕುಳಿತೆ. ಮುಖ ಎತ್ತಲು ಆಗಲಿಲ್ಲ, ಅಷ್ಟು ನಾಚಿಕೆ. ಅಷ್ಟು ನಾಚಿಕೆಯಲ್ಲಿಯೂ ಅತ್ತೆಯವರು ಅತ್ತ ತಿರುಗಿದಾಗ ಪ್ರಲ್ಹಾದನ ಶಾಲಿನ ಅಂಚನ್ನು ಓರೆಗಣ್ಣಿನಿಂದ ನನ್ನದರ ಜೊತೆ ಹೋಲಿಸಿ ನೋಡಿದೆ. ಅವನದರ ಜರಿಯೇ ಅಗಲವಾಗಿತ್ತು.